ಮುಂಗಟ್ಟು ಉಳಿಯಬೇಕಾದರೆ

ಪೇಟೆಬೀದಿಯ ಹಳೆಯ ಕಟ್ಟಡಗಳ ಮಾತು ಬಂದಾಗ ನಮ್ಮ ಗಮನವೆಲ್ಲ ಮೇಲಕ್ಕೇ ಹೋಗುತ್ತದೆ. ಗುಮ್ಮಟ, ಗಡಿಯಾರ, ಮೇಲ್ಮಹಡಿಯ ಕಮಾನು, ಪ್ಯಾರಪೆಟ್ ಗೋಡೆಯ ಗಾರೆ ಕೆಲಸ. ಊರಿನ ಜನ ಮಾತ್ರ ಆ ಕಟ್ಟಡವನ್ನು ದಿನವೂ ಬಳಸುವುದು ನೆಲದಿಂದ ಹತ್ತು ಹನ್ನೆರಡು ಅಡಿ ಎತ್ತರದೊಳಗೆ. ಅಂಗಡಿ ಇರುವುದು ಅಲ್ಲಿ, ಮೆಟ್ಟಿಲು ಇರುವುದು ಅಲ್ಲಿ, ಮಳೆ ಬಂದರೆ ಓಡಿಹೋಗಿ ನಿಲ್ಲುವುದೂ ಅಲ್ಲೇ. ಕಟ್ಟಡದ ಬೇರಾವ ಭಾಗಕ್ಕೂ ಬೀಳದಷ್ಟು ಏಟು ಬೀಳುವುದು ಕೂಡ ಈ ಮುಂಗಟ್ಟಿಗೇ. ಬಾಡಿಗೆದಾರ ಬದಲಾದಾಗಲೆಲ್ಲ ಬೋರ್ಡು ಬದಲಾಗುತ್ತದೆ. ಮಡಿಸುವ ಮರದ ಬಾಗಿಲು ಹೋಗಿ ರೋಲಿಂಗ್ ಶಟರ್ ಬರುತ್ತದೆ. ಶಟರ್ ಸುತ್ತಿಕೊಳ್ಳುವ ಪೆಟ್ಟಿಗೆಗೆ ಜಾಗ ಮಾಡಲು ಕಮಾನಿನ ಅಂಚು ಒಡೆಯುತ್ತಾರೆ. ಎ.ಸಿ. ಪೈಪಿಗೊಂದು ತೂತು, ಸಿಸಿಟಿವಿ ಕೇಬಲ್ಲಿಗೊಂದು ತೂತು, ಎಲ್ಲದರ ಮೇಲೆ ಅಲ್ಯುಮಿನಿಯಂ ಶೀಟಿನ ಹೊದಿಕೆ. ಕೆಲವೇ ದಶಕಗಳಲ್ಲಿ ಮೇಲಿನ ಮಹಡಿ ಹಳೆಯದಾಗಿಯೇ ಉಳಿದು, ಕೆಳಗಿನದು ಯಾವ ಊರಿನದೆಂದು ಹೇಳಲಾಗದ ಸ್ಥಿತಿಗೆ ಬಂದಿರುತ್ತದೆ.

ಇಂಥ ಮುಂಗಟ್ಟನ್ನು ಮತ್ತೆ ಸರಿಪಡಿಸಬಹುದು. ಅದಕ್ಕೆ ಮೂರು ಬೇಕು: ಮೊದಲು ಹೇಗಿತ್ತು ಎಂಬುದಕ್ಕೆ ಸಾಕ್ಷ್ಯ, ಅದನ್ನು ಮತ್ತೆ ಮಾಡಬಲ್ಲ ಕಸುಬು, ಅಂಗಡಿಯವರೊಂದಿಗೆ ಒಂದು ಕರಾರು. ಮೊದಲ ಎರಡರ ಬಗ್ಗೆ ತಜ್ಞರು ಸಾಕಷ್ಟು ಮಾತಾಡುತ್ತಾರೆ. ಮೂರನೆಯದು ಇಲ್ಲದೆ ಹೋದರೆ ಮೊದಲಿನ ಎರಡೂ ಹೆಚ್ಚು ಕಾಲ ಬಾಳುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಶಿಕಾಗೊ, ಮುಂಬೈ ಮತ್ತು ನಮ್ಮ ಮೈಸೂರನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಕಬ್ಬಿಣದಲ್ಲಿ ಅರಳಿದ ಬಳ್ಳಿ

ಶಿಕಾಗೊ ನಗರದಲ್ಲಿ ಸ್ಟೇಟ್ ಸ್ಟ್ರೀಟ್ ಮತ್ತು ಮ್ಯಾಡಿಸನ್ ಸ್ಟ್ರೀಟ್ ಕೂಡುವ ಮೂಲೆಯಿದೆ. ಆ ಮಹಾನಗರದ ಕಟ್ಟಡಗಳ ನಂಬರುಗಳು ಎಣಿಕೆ ಶುರುಮಾಡುವುದೇ ಈ ಮೂಲೆಯಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಶ್ಲೆಸಿಂಜರ್ ಅಂಡ್ ಮೇಯರ್ ಎಂಬ ದೊಡ್ಡ ಜವಳಿ ಮಳಿಗೆಯಿತ್ತು. ಹಳೆಯ ಮಳಿಗೆಯ ಜಾಗದಲ್ಲಿ ಹೊಸದು ಕಟ್ಟಿಕೊಡಲು ಅವರು ಕರೆದದ್ದು ವಾಸ್ತುಶಿಲ್ಪಿ ಲೂಯಿ ಸಲಿವನ್ ಅವರನ್ನು. 1899ರಲ್ಲಿ ಮ್ಯಾಡಿಸನ್ ಸ್ಟ್ರೀಟ್ ಕಡೆಯ ಒಂಬತ್ತು ಮಹಡಿಗಳ ಭಾಗ ಎದ್ದಿತು. 1903-04ರಲ್ಲಿ ಮೂಲೆಯ ಹನ್ನೆರಡು ಮಹಡಿಗಳ ಭಾಗ ಮುಗಿಯಿತು. 1904ರಲ್ಲಿ ಮಳಿಗೆ ಹ್ಯಾರಿ ಗಾರ್ಡನ್ ಸೆಲ್ಫ್‌ರಿಜ್ ಕೈಗೆ ಹೋಯಿತು. ಮುಂದೆ ಲಂಡನ್ನಿನಲ್ಲಿ ತಮ್ಮದೇ ಹೆಸರಿನ ಪ್ರಸಿದ್ಧ ಮಳಿಗೆ ತೆರೆದವರು ಇವರೇ. ಅವರು ಅದೇ ವರ್ಷ ಅದನ್ನು ಕಾರ್ಸನ್ ಪಿರೀ ಸ್ಕಾಟ್ ಕಂಪನಿಗೆ ಮಾರಿದರು. ಮುಂದಿನ ನೂರು ವರ್ಷ ಊರಿನವರ ಬಾಯಲ್ಲಿ ಅದು ‘ಕಾರ್ಸನ್ಸ್’.

ಕಟ್ಟಡದ ರೂಪ ಅದರ ಉಪಯೋಗವನ್ನು ಅನುಸರಿಸಿ ಬರಬೇಕು ಎಂಬ ಪ್ರಸಿದ್ಧ ಸೂತ್ರವನ್ನು 1896ರ ಲೇಖನವೊಂದರಲ್ಲಿ ಮುಂದಿಟ್ಟವರು ಸಲಿವನ್. ಅವರ ಈ ಕಟ್ಟಡದ ಮೇಲಿನ ಮಹಡಿಗಳು ಆ ಸೂತ್ರಕ್ಕೆ ತಕ್ಕಂತೆ ಸರಳವಾಗಿವೆ: ಉಕ್ಕಿನ ಚೌಕಟ್ಟು, ಅದರ ಮೇಲೆ ಹೊಳಪು ಲೇಪಿಸಿದ ಬಿಳಿ ಟೆರಾಕೋಟಾ, ಅಗಲವಾದ ಕಿಟಕಿಗಳು. ಕೆಳಗಿನ ಎರಡು ಮಹಡಿಗಳ ಮಾತೇ ಬೇರೆ. ಅಲ್ಲಿ ಬೀಡು ಕಬ್ಬಿಣದ ಅಲಂಕಾರ ಒಂದು ಅಂಗುಲವನ್ನೂ ಬಿಡದೆ ಹಬ್ಬಿದೆ. ದಂಟು ಸುರುಳಿ ಸುತ್ತುತ್ತ ಮೇಲೇರಿ ಎಲೆಯಾಗುತ್ತದೆ, ಎಲೆಯ ಅಂಚು ಮುಳ್ಳುಮುಳ್ಳಾಗಿ ಒಡೆದು ಇನ್ನೊಂದು ಬಳ್ಳಿಯ ಕೆಳಗೆ ನುಸುಳುತ್ತದೆ, ಆ ಹೆಣಿಗೆಯ ನಡುವೆ ವೃತ್ತ ಮತ್ತು ಚೌಕಗಳು ಇಣುಕುತ್ತವೆ. ಮೂಲೆಯ ದುಂಡನೆಯ ಪ್ರವೇಶದ್ವಾರದ ಮೇಲಿನ ಹೆಣಿಗೆಯಲ್ಲಿ ಸಲಿವನ್ ಅವರ ಹೆಸರಿನ ಮೊದಲಕ್ಷರಗಳೂ ಸೇರಿಕೊಂಡಿವೆ. ಹುಡುಕಿದವರಿಗೆ ಮಾತ್ರ ಕಾಣುತ್ತವೆ.

ಇದರಲ್ಲೂ ಲೆಕ್ಕಾಚಾರವಿತ್ತು. ಫುಟ್‌ಪಾತಿನಲ್ಲಿ ನಡೆಯುವವರ ಕಣ್ಣಿಗೆ ಹತ್ತನೆಯ ಮಹಡಿ ಬೀಳುವುದಿಲ್ಲ, ಬೀಳುವುದು ಶೋಕೇಸ್. ಒಳಗೆ ಇಟ್ಟ ಸೀರೆಯೋ ಕೋಟೋ ಚಿತ್ರವಾದರೆ ಈ ಕಬ್ಬಿಣ ಅದರ ಚೌಕಟ್ಟು. ನಡೆಯುವವರನ್ನು ನಿಲ್ಲಿಸಬೇಕು, ನಿಂತವರನ್ನು ಒಳಗೆ ಕರೆಯಬೇಕು. ಕೆಳಮಹಡಿಯ ಉಪಯೋಗವೇ ಜನರನ್ನು ಸೆಳೆಯುವುದು. ರೂಪ ಆ ಉಪಯೋಗವನ್ನು ಹಿಂಬಾಲಿಸಿದೆ.

ಸಲಿವನ್ ಒಬ್ಬರೇ ಮಾಡಿದ ಕೆಲಸವಲ್ಲ ಇದು. ಅಲಂಕಾರದ ಬಹುಪಾಲು ವಿವರಗಳನ್ನು ಬರೆದವರು ಅವರ ಕಚೇರಿಯ ಮುಖ್ಯ ನಕ್ಷೆಗಾರ ಜಾರ್ಜ್ ಗ್ರ್ಯಾಂಟ್ ಎಲ್ಮ್‌ಸ್ಲೀ. ಕಾಗದದ ಮೇಲಿನ ಗೆರೆಯನ್ನು ಜೇಡಿಮಣ್ಣಿನಲ್ಲಿ ಮೂಡಿಸಿದವರು ಕ್ರಿಸ್ಟಿಯನ್ ಶ್ನೈಡರ್ ಎಂಬ ಮಾದರಿಗಾರ. ಎರಕ ಹೊಯ್ದದ್ದು ವಿನ್ಸ್‌ಲೋ ಬ್ರದರ್ಸ್ ಕಾರ್ಖಾನೆ. ಇಷ್ಟು ಕೈಗಳು ದಾಟಿ ಬಂದದ್ದರಿಂದಲೇ ಅದನ್ನು ಮತ್ತೆ ಮಾಡುವುದು ಕಷ್ಟ: ನಕ್ಷೆ ಸಿಕ್ಕಿದರೂ ಮಣ್ಣಿನಲ್ಲಿ ಮೂಡಿಸಿದ ಆ ಹೆಬ್ಬೆರಳು ಸಿಗುವುದಿಲ್ಲ.

ಬಣ್ಣದ ಪದರದಲ್ಲಿ ಸಿಕ್ಕ ಸತ್ಯ

ಇಪ್ಪತ್ತನೆಯ ಶತಮಾನದ ನಡುಭಾಗ ಈ ಕಟ್ಟಡಕ್ಕೆ ಒಳ್ಳೆಯ ಕಾಲವಾಗಿರಲಿಲ್ಲ. 1948ರಲ್ಲಿ ತಲೆಯ ಮೇಲಿನ ಚಾಚುಪಟ್ಟಿಯನ್ನು (ಕಾರ್ನಿಸ್) ತೆಗೆದುಹಾಕಿದರು. ಕೆಳಗಿನ ಕಬ್ಬಿಣದ ಮೇಲೆ ಬೂದು ಬಣ್ಣ ಕೂತಿತು. ಊರಿನ ಹೊರಗೆ ಮಾಲ್‌ಗಳು ಎದ್ದು ಸ್ಟೇಟ್ ಸ್ಟ್ರೀಟಿನ ವ್ಯಾಪಾರ ಸೊರಗಿತು. ಅದೇ ಹೊತ್ತಿನಲ್ಲಿ ಶಿಕಾಗೊ ತನ್ನ ಹಳೆಯ ಕಟ್ಟಡಗಳನ್ನು ಒಂದೊಂದಾಗಿ ಕೆಡವುತ್ತಿತ್ತು. ಸಲಿವನ್ ತಮ್ಮ ಪಾಲುದಾರ ಆಡ್ಲರ್ ಜೊತೆ ಕಟ್ಟಿದ ಸ್ಟಾಕ್ ಎಕ್ಸ್‌ಚೇಂಜ್ ಕಟ್ಟಡ 1972ರಲ್ಲಿ ಉರುಳಿತು. ಅದರ ಅಲಂಕಾರದ ತುಣುಕುಗಳನ್ನಾದರೂ ಉಳಿಸಿಕೊಳ್ಳಬೇಕೆಂದು ಒಳಗೆ ಹೋಗಿದ್ದ ಛಾಯಾಗ್ರಾಹಕ ರಿಚರ್ಡ್ ನಿಕಲ್ ಕುಸಿತಕ್ಕೆ ಸಿಕ್ಕಿ ಅಲ್ಲೇ ಪ್ರಾಣ ಬಿಟ್ಟರು. ಒಂದು ಊರು ತನ್ನ ಕಟ್ಟಡಗಳನ್ನು ನೋಡುವ ಬಗೆ ಬದಲಾಗಲು ಇಂಥ ಸಾವು ಬೇಕಾಯಿತೇ ಎಂದು ಇವತ್ತಿಗೂ ಸಂಕಟವಾಗುತ್ತದೆ.

ಕಾರ್ಸನ್ಸ್ ಬದುಕಿಕೊಂಡಿತು. 1970ರಲ್ಲಿ ಅದಕ್ಕೆ ನಗರದ ಹೆಗ್ಗುರುತು ಎಂಬ ಮಾನ್ಯತೆ, 1975ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಮಾನ್ಯತೆ ಸಿಕ್ಕಿತು. 1979ರ ಹೊತ್ತಿಗೆ ಮೂಲೆಯ ಪ್ರವೇಶದ್ವಾರವನ್ನು ಸರಿಪಡಿಸುವ ಕೆಲಸಕ್ಕೆ ಬಂದವರು ಜಾನ್ ವಿಂಚಿ. ನಿಕಲ್ ಜೊತೆ ಹಳೆಯ ಕಟ್ಟಡಗಳ ಅವಶೇಷ ಉಳಿಸಲು ದುಡಿದಿದ್ದ ವಾಸ್ತುಶಿಲ್ಪಿ ಇವರು. ಅವರ ಮುಂದೆ ಇದ್ದ ಮೊದಲ ಪ್ರಶ್ನೆ: ಈ ಕಬ್ಬಿಣದ ಮೂಲ ಬಣ್ಣ ಯಾವುದು?

ಇದಕ್ಕೆ ಉತ್ತರ ಹುಡುಕುವ ಕ್ರಮ ಈಗ ಎಲ್ಲ ಕಡೆ ಒಂದೇ. ಎಲೆಯ ಸಂದಿಯಂಥ, ಉಜ್ಜಿ ತೊಳೆಯುವವರ ಕೈಗೆ ಸಿಗದ ಜಾಗದಿಂದ ಬಣ್ಣದ ಚಿಕ್ಕ ಚಕ್ಕೆಯೊಂದನ್ನು ತೆಗೆಯುತ್ತಾರೆ. ಅದನ್ನು ಅಡ್ಡ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮರದ ಕಾಂಡದ ಉಂಗುರಗಳಂತೆ ಪದರಗಳು ಕಾಣುತ್ತವೆ. ತೀರಾ ಒಳಗಿನದು ತುಕ್ಕು ತಡೆಯುವ ಪ್ರೈಮರ್, ಅದರ ಮೇಲಿನದು ಮೊದಲ ಬಣ್ಣ, ಆಮೇಲೆ ಮಾಲೀಕರು ಬದಲಾದಂತೆ ಬದಲಾದ ಬಣ್ಣಗಳು. ಎರಡು ಪದರಗಳ ನಡುವೆ ಹೊಗೆ ಮಸಿಯ ಗೆರೆ ಇದ್ದರೆ ಆ ಬಣ್ಣ ವರ್ಷಗಟ್ಟಲೆ ಬೀದಿಗೆ ಮುಖ ಮಾಡಿ ನಿಂತಿತ್ತು ಎಂದರ್ಥ. ಗೆರೆ ಇಲ್ಲದಿದ್ದರೆ ಎರಡನ್ನೂ ಒಟ್ಟಿಗೆ ಬಳಿದಿದ್ದಾರೆ.

ಕಾರ್ಸನ್ಸ್ ಕಬ್ಬಿಣದಲ್ಲಿ ಸಿಕ್ಕಿದ್ದು ಕೆಂಪು, ಅದರ ಮೇಲೆ ಹಸಿರು. ಆತುರದವರು ಕೆಂಪನ್ನು ಪ್ರೈಮರ್ ಎಂದು ತಳ್ಳಿಹಾಕಿ ಇಡೀ ಮುಂಗಟ್ಟಿಗೆ ಹಸಿರು ಬಳಿದುಬಿಡುತ್ತಿದ್ದರು. ಸಲಿವನ್ ಬಯಸಿದ್ದು ಎರಡೂ ಒಟ್ಟಿಗೆ ಕಾಣಬೇಕೆಂದು. ಕೆಂಪಿನ ಮೇಲೆ ಹಸಿರನ್ನು ತೆಳುವಾಗಿ ಹಚ್ಚಿ, ಉಬ್ಬಿದ ಕಡೆ ಕೆಂಪು ಇಣುಕುವಂತೆ ಬಿಟ್ಟಾಗ ಕಬ್ಬಿಣವು ಹಳೆಯ ಕಂಚಿನಂತೆ ತೋರುತ್ತದೆ. ಸಾಕ್ಷ್ಯ ಸಿಕ್ಕಿದರೆ ಸಾಲದು, ಅದನ್ನು ಓದಲೂ ತಿಳಿದಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

1964ರ ವೆನಿಸ್ ಸನ್ನದು ಜೀರ್ಣೋದ್ಧಾರಕ್ಕೆ ಹಾಕಿಕೊಟ್ಟ ಗೆರೆ ಸ್ಪಷ್ಟವಾಗಿದೆ: ಊಹೆ ಶುರುವಾಗುವ ಜಾಗದಲ್ಲಿ ಕೆಲಸ ನಿಲ್ಲಬೇಕು. ಅಮೆರಿಕದ ಒಕ್ಕೂಟ ಸರ್ಕಾರದ ಮಾರ್ಗಸೂಚಿಯೂ ಇದೇ ದಾರಿಯದು. ಸರಿಪಡಿಸಬಹುದಾದದ್ದನ್ನು ಬದಲಿಸಬಾರದು, ಬದಲಿಸಲೇಬೇಕಾದರೆ ಹಳೆಯದಕ್ಕೆ ಹೊಂದುವಂತಿರಬೇಕು, ಕಳೆದುಹೋದದ್ದನ್ನು ಮತ್ತೆ ಮಾಡುವುದಿದ್ದರೆ ಫೋಟೊ, ನಕ್ಷೆ ಅಥವಾ ಉಳಿದ ತುಣುಕಿನ ಆಧಾರವಿರಬೇಕು. ಕೈಯಲ್ಲಿ ಆಧಾರವಿಲ್ಲದೆ ‘ಹಳೇ ಕಾಲದ ಹಾಗೆ’ ಕೂರಿಸಿದ ಕಮಾನು, ಕಂಬ, ಲಾಟೀನುಗಳು ಇತಿಹಾಸದ ಹೆಸರಿನಲ್ಲಿ ಹೇಳಿದ ಸುಳ್ಳಾಗುತ್ತವೆ.

ಎರಕದ ಲೆಕ್ಕ

2006ರಲ್ಲಿ ಚಾಚುಪಟ್ಟಿ ಮತ್ತೆ ತಲೆಯ ಮೇಲೆ ಬಂತು. 2007ರ ಫೆಬ್ರುವರಿಯಲ್ಲಿ ಕಾರ್ಸನ್ಸ್ ಮಳಿಗೆ ಬಾಗಿಲು ಮುಚ್ಚಿತು. ಕಟ್ಟಡಕ್ಕೆ ಸಲಿವನ್ ಸೆಂಟರ್ ಎಂಬ ಹೆಸರು ಬಂತು. ವಾಸ್ತುಶಿಲ್ಪಿ ಗನ್ನಿ ಹಾರ್ಬೊ ಅವರ ತಂಡ ಕೆಳಗಿನ ಎರಡು ಮಹಡಿಗಳ ಕಬ್ಬಿಣದ ಮುಂಗಟ್ಟನ್ನು ಪೂರ್ತಿ ಸರಿಪಡಿಸುವ ಕೆಲಸ ಹಿಡಿದು 2010ರ ಸುಮಾರಿಗೆ ಮುಗಿಸಿತು. ಇಂಥ ಕೆಲಸದಲ್ಲಿ ಏನೇನು ಇರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಬೀಡು ಕಬ್ಬಿಣ ಭಾರ ಹೊರುವುದರಲ್ಲಿ ಗಟ್ಟಿ, ಬಗ್ಗಿಸಿದರೆ ಮುರಿಯುತ್ತದೆ. ದೊಡ್ಡ ಮುಂಗಟ್ಟೊಂದು ಒಂದೇ ಎರಕವಾಗಿರುವುದಿಲ್ಲ. ನೂರಾರು ತುಂಡುಗಳನ್ನು ಬೋಲ್ಟ್ ಹಾಕಿ ಹಿಂದಿನ ಗೋಡೆಗೋ ಉಕ್ಕಿಗೋ ಕಟ್ಟಿರುತ್ತಾರೆ. ಬಣ್ಣ ಸರಿಯಾಗಿದ್ದಷ್ಟು ಕಾಲ ಇವು ನೂರು ವರ್ಷಕ್ಕೂ ಮಿಕ್ಕಿ ಬಾಳುತ್ತವೆ. ವೈರಿ ಇರುವುದು ಸಂದಿಯಲ್ಲಿ. ಎರಡು ತುಂಡುಗಳ ನಡುವಿನ ಸಂದಿಗೆ ತುಂಬಿದ ವಸ್ತು ಒಣಗಿ ಉದುರಿದರೆ ನೀರು ಒಳಗೆ ಇಳಿಯುತ್ತದೆ. ಒಳಗಿನಿಂದ ಹಿಡಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಜಾಗ ಸಾಲದೆ ಅದು ತುಂಡುಗಳನ್ನು ಹೊರಕ್ಕೆ ನೂಕುತ್ತದೆ; ಬೋಲ್ಟ್ ತುಂಡಾಗುತ್ತದೆ, ಎಲೆಯಲ್ಲಿ ಬಿರುಕು ಬೀಳುತ್ತದೆ. ಹೊರಗಿನಿಂದ ಎಷ್ಟು ಸಲ ಬಣ್ಣ ಬಳಿದರೂ ಒಳಗಿನ ರೋಗ ನಿಲ್ಲುವುದಿಲ್ಲ. ತುಂಡುಗಳನ್ನು ಕಳಚಿ, ನಂಬರು ಹಾಕಿ, ಹಿಂಬದಿಯನ್ನೂ ಸ್ವಚ್ಛ ಮಾಡಿ ಮತ್ತೆ ಕೂರಿಸುವ ಶ್ರಮ ಇದಕ್ಕಾಗಿಯೇ.

ಸ್ವಚ್ಛ ಮಾಡುವುದರಲ್ಲೂ ಎಚ್ಚರ ಬೇಕು. ನೂರು ವರ್ಷದ ಹಿಂದಿನ ಬಣ್ಣದಲ್ಲಿ ಸೀಸ ಇರುತ್ತದೆ. ಅದರ ಪುಡಿ ಗಾಳಿಗೆ ಹಾರಿದರೆ ಕೆಲಸಗಾರರಿಗೂ ದಾರಿಹೋಕರಿಗೂ ವಿಷ. ಬೀಡು ಕಬ್ಬಿಣದ ಮೇಲೆ ಕಡಿಮೆ ಒತ್ತಡದಲ್ಲಿ ಪುಡಿ ಸಿಡಿಸಿ ತುಕ್ಕು ತೆಗೆಯಬಹುದು, ಪಕ್ಕದ ಟೆರಾಕೋಟಾಕ್ಕೆ ಅದು ತಾಗಿದರೆ ಮೇಲಿನ ಹೊಳಪಿನ ಪದರವೇ ಹೋಗುತ್ತದೆ. ತುಕ್ಕು ತೆಗೆದ ಕಬ್ಬಿಣವನ್ನು ಹಾಗೇ ಬಿಡುವಂತಿಲ್ಲ. ಗಾಳಿಯ ತೇವಕ್ಕೇ ಕೆಲವು ಗಂಟೆಗಳಲ್ಲಿ ಹೊಸ ತುಕ್ಕು ಏಳುತ್ತದೆ. ಅಷ್ಟರೊಳಗೆ ಪ್ರೈಮರ್ ಬಿದ್ದಿರಬೇಕು.

ಕಳೆದುಹೋದ ತುಂಡನ್ನು ಮತ್ತೆ ಎರಕ ಹೊಯ್ಯುವಲ್ಲಿ ಒಂದು ಸೂಕ್ಷ್ಮವಿದೆ. ಪಕ್ಕದ ತುಂಡನ್ನೇ ಬಿಚ್ಚಿ ತಂದು, ಮರಳಿನಲ್ಲಿ ಅದರ ಅಚ್ಚು ಒತ್ತಿ, ಕರಗಿದ ಕಬ್ಬಿಣ ಸುರಿದರೆ ಆಯಿತಲ್ಲ ಎನಿಸುತ್ತದೆ. ಹಾಗೆ ಮಾಡಿದ ತುಂಡು ಜಾಗದಲ್ಲಿ ಕೂರುವುದಿಲ್ಲ. ಕಬ್ಬಿಣ ಆರುವಾಗ ಮೀಟರಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಕುಗ್ಗುತ್ತದೆ. ಒಂದೇ ತುಂಡಾದರೆ ಸಂದಿ ಸ್ವಲ್ಪ ದೊಡ್ಡದಾದೀತು. ಸಾಲಾಗಿ ಹತ್ತು ತುಂಡು ಜೋಡಿಸಿದಾಗ ಬಳ್ಳಿಯ ಓಟವೇ ತಪ್ಪುತ್ತದೆ. ಅದಕ್ಕೇ ಪ್ಯಾಟರ್ನ್ ಮಾಡುವವರು ಕುಗ್ಗುವಿಕೆಯನ್ನು ಮೊದಲೇ ಸೇರಿಸಿಕೊಂಡ ವಿಶೇಷ ಅಳತೆಪಟ್ಟಿ ಹಿಡಿದು ಮೂಲಕ್ಕಿಂತ ತುಸು ದೊಡ್ಡ ಪ್ಯಾಟರ್ನ್ ಕೆತ್ತುತ್ತಾರೆ. ಬೆಳಗಾವಿಯ ಫೌಂಡ್ರಿಗಳಲ್ಲಿ ಕೆಲಸ ಮಾಡುವವರಿಗೆ ಇದು ದಿನನಿತ್ಯದ ಲೆಕ್ಕ. ಪಾರಂಪರಿಕ ಕಟ್ಟಡದ ಕೆಲಸಕ್ಕೆ ಬೇಕಾದ ಜ್ಞಾನ ಎಲ್ಲೋ ವಿದೇಶದಲ್ಲಿದೆ ಎಂದು ಕೂರಬೇಕಾಗಿಲ್ಲ. ನಮ್ಮ ಎರಕದವರ, ಬಡಗಿಗಳ, ಗಾರೆಯವರ ಕೈಯಲ್ಲಿ ಅದು ಇದೆ. ಕರೆದು ಕೇಳುವವರು ಬೇಕು.

ಇಷ್ಟೆಲ್ಲ ಆದ ಮೇಲೆ 2012ರ ಜುಲೈಯಲ್ಲಿ ಆ ಮಳಿಗೆಯಲ್ಲಿ ಟಾರ್ಗೆಟ್ ಎಂಬ ದೊಡ್ಡ ಚಿಲ್ಲರೆ ವ್ಯಾಪಾರದ ಕಂಪನಿ ಅಂಗಡಿ ತೆರೆಯಿತು. ಸೋಪು, ಬಟ್ಟೆ, ಹಾಲು, ಬ್ರೆಡ್ಡು ಮಾರುವ ಅಂಗಡಿ. ಕೆಂಪು ವೃತ್ತದ ತನ್ನ ಲಾಂಛನವನ್ನು ಅದು ಕಬ್ಬಿಣದ ಮೇಲೆ ಹೊಡೆಯಲಿಲ್ಲ. ಗಾಜಿನ ಒಳಬದಿಯಲ್ಲಿ ಇಟ್ಟಿತು. ದಾರಿಹೋಕರಿಗೆ ಲಾಂಛನವೂ ಕಾಣುತ್ತದೆ, ಸಲಿವನ್ ಅವರ ಬಳ್ಳಿಯೂ ಕಾಣುತ್ತದೆ. ಕಟ್ಟಡ ವಸ್ತುಸಂಗ್ರಹಾಲಯವಾಗದೆ ಅಂಗಡಿಯಾಗಿಯೇ ಮುಂದುವರಿದದ್ದು ಈ ಕೆಲಸದ ದೊಡ್ಡ ಗೆಲುವು ಎಂದು ನಾನು ತಿಳಿದಿದ್ದೇನೆ. ಅದರ ಹಿಂದೆ ದುಡ್ಡಿನ ವ್ಯವಸ್ಥೆಯೂ ಇತ್ತು. ನಗರವು ತೆರಿಗೆ ಹಣದಿಂದ ನೆರವು ಕೊಟ್ಟಿತು. ಆದಾಯ ತರುವ ಐತಿಹಾಸಿಕ ಕಟ್ಟಡವನ್ನು ಮಾರ್ಗಸೂಚಿಯಂತೆ ಸರಿಪಡಿಸಿದರೆ ಖರ್ಚಿನ ಶೇ 20ರಷ್ಟನ್ನು ತೆರಿಗೆಯಲ್ಲಿ ಬಿಟ್ಟುಕೊಡುವ ಕಾನೂನೂ ಆ ದೇಶದಲ್ಲಿದೆ. ಸರಿಯಾಗಿ ಮಾಡಿ ಎಂದು ಹೇಳುವ ಸರ್ಕಾರ ಸರಿಯಾಗಿ ಮಾಡಿದವರ ಖರ್ಚಿನಲ್ಲಿ ಪಾಲುದಾರನೂ ಆಗುತ್ತದೆ.

ಮುಂಬೈ ಮಾಡಿದ ಕರಾರು

ಶಿಕಾಗೊದ್ದು ಒಬ್ಬ ಮಾಲೀಕ, ಒಂದು ಕಟ್ಟಡ, ಒಂದು ದೊಡ್ಡ ಕಂಪನಿ. ನಮ್ಮ ಪೇಟೆಗಳು ಹಾಗಿಲ್ಲ. ಒಂದೇ ಕಟ್ಟಡದಲ್ಲಿ ಮೂವತ್ತು ಅಂಗಡಿ, ಮೂವತ್ತು ಬಾಡಿಗೆದಾರರು, ಅಣ್ಣತಮ್ಮಂದಿರ ನಡುವೆ ಹಂಚಿಹೋದ ಮಾಲೀಕತ್ವ. ಅಂಥ ಕಡೆ ಏನು ಮಾಡಬಹುದು ಎಂಬುದಕ್ಕೆ ಮುಂಬೈಯ ದಾದಾಭಾಯಿ ನವರೋಜಿ ರಸ್ತೆಯನ್ನು ನೋಡಬೇಕು.

ಕ್ರಾಫರ್ಡ್ ಮಾರ್ಕೆಟ್ಟಿನಿಂದ ರೈಲ್ವೆ ಟರ್ಮಿನಸ್ ದಾಟಿ ಫ್ಲೋರಾ ಫೌಂಟನ್ ತನಕ ಹೋಗುವ ಈ ರಸ್ತೆಗೆ ಮೊದಲು ಹಾರ್ನ್‌ಬಿ ರೋಡ್ ಎಂಬ ಹೆಸರಿತ್ತು. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಕಾಲದಲ್ಲಿ ಕೋಟೆ ಗೋಡೆ ಕೆಡವಿದ ಮೇಲೆ ರಸ್ತೆ ಅಗಲವಾಗಿ ಇಕ್ಕೆಲಗಳಲ್ಲಿ ಕಟ್ಟಡಗಳು ಎದ್ದವು. ಒಂದು ಗಾಥಿಕ್ ಶೈಲಿಯದು, ಪಕ್ಕದ್ದು ಇನ್ನೊಂದು ಶೈಲಿಯದು. ಎಲ್ಲವನ್ನೂ ಒಂದಾಗಿ ಹೊಲಿದದ್ದು 1896ರ ನಿಯಮ: ಪ್ರತಿ ಕಟ್ಟಡವೂ ನೆಲಮಹಡಿಯಲ್ಲಿ ಪಾದಚಾರಿಗಳಿಗೆ ಕಮಾನುಗಳ ಮೊಗಸಾಲೆ ಬಿಡಬೇಕು. ಬಿಸಿಲು ಮಳೆ ತಾಗದೆ ಮೊಗಸಾಲೆಯಲ್ಲೇ ನಡೆದು ಹೋಗಬಹುದು.

ಈ ಫೋರ್ಟ್ ಪ್ರದೇಶ ಕನ್ನಡಿಗರಿಗೆ ಹೊರಗಿನದಲ್ಲ. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಹೋದ ಎಷ್ಟೋ ಹುಡುಗರು ಇಲ್ಲಿನ ಹೋಟೆಲುಗಳಲ್ಲಿ ಹಗಲು ದುಡಿದು, ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದರು. ಹಳೆಯ ಕಟ್ಟಡದ ಬಾಡಿಗೆದಾರನ ಕಷ್ಟ ನಮ್ಮ ಹೋಟೆಲಿನವರಿಗೆ ಚೆನ್ನಾಗಿ ಗೊತ್ತು. 1947ರ ಬಾಡಿಗೆ ನಿಯಂತ್ರಣ ಕಾನೂನು ಬಾಡಿಗೆಯನ್ನು ಕಟ್ಟಿಹಾಕಿದ ಮೇಲೆ ಮಾಲೀಕನಿಗೆ ರಿಪೇರಿ ಮಾಡಿಸಲು ಮನಸ್ಸಿಲ್ಲ, ತನ್ನದಲ್ಲದ ಗೋಡೆಗೆ ದುಡ್ಡು ಹಾಕಲು ಬಾಡಿಗೆದಾರನಿಗೆ ಧೈರ್ಯವಿಲ್ಲ. ಅಂಗಡಿಯವನ ಕೈಯಲ್ಲಿ ಇರುವುದು ಬೋರ್ಡು ಮಾತ್ರ. ಆ ಬೋರ್ಡೇ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತ ಕಮಾನನ್ನು ನುಂಗಿತು.

1995ರಲ್ಲಿ ಮುಂಬೈ ಪಾರಂಪರಿಕ ಕಟ್ಟಡಗಳ ನಿಯಮಾವಳಿ ತಂದಿತು. ಆಮೇಲೆ ಸಂರಕ್ಷಣಾ ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಈ ರಸ್ತೆಯ ಕಟ್ಟಡಗಳನ್ನು ಅಧ್ಯಯನ ಮಾಡಿ, ಅಂಗಡಿ ಮುಂಗಟ್ಟು ಮತ್ತು ಬೋರ್ಡುಗಳಿಗೆ ಮಾದರಿ ನಿಯಮ ರೂಪಿಸಿದರು. ಅದರ ಹಿಂದಿನ ವಿಚಾರ ಸರಳವಾದದ್ದು. ಬೋರ್ಡು ಬೇಡ ಎಂದು ಯಾರೂ ಹೇಳಲಿಲ್ಲ. ಎಲ್ಲಿ, ಎಷ್ಟು ಎಂದು ಹೇಳಿದರು. ಬೋರ್ಡು ಕಮಾನಿನ ಒಳಗೆ ಇರಲಿ, ಅದರ ಗಡಿ ದಾಟದಿರಲಿ, ಕಂಬಕ್ಕೂ ಕೆತ್ತನೆಗೂ ಮೊಳೆ ಬೀಳದಿರಲಿ. ರಸ್ತೆಯ ಅಂಗಡಿಕಾರರು, ನಿವಾಸಿಗಳು ಕೂಡಿ ಸಂಘ ಕಟ್ಟಿಕೊಂಡು ಕೆಲಸಕ್ಕೆ ಕೈಹಾಕಿದರು. 2004ರಲ್ಲಿ ಈ ಪ್ರಯತ್ನಕ್ಕೆ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪಾರಂಪರಿಕ ಪ್ರಶಸ್ತಿಗಳಲ್ಲಿ ಗೌರವ ಸಿಕ್ಕಿತು.

ಎಲ್ಲರಿಗೂ ಒಂದೇ ಅಳತೆ ಎಂದಾಗ ಅಂಗಡಿಯವನಿಗೆ ನಷ್ಟವಿಲ್ಲ ಎಂಬುದು ಇಲ್ಲಿ ಮುಖ್ಯ. ಪಕ್ಕದವನ ಬೋರ್ಡು ಹತ್ತು ಅಡಿ ಇದ್ದರೆ ನನ್ನದು ಹನ್ನೆರಡು ಇರಬೇಕು ಎಂಬ ಪೈಪೋಟಿಯಿಂದ ಯಾರ ಬೋರ್ಡೂ ಕಾಣದಂತಾಗುತ್ತದೆ. ಎಲ್ಲರದೂ ನಾಲ್ಕು ಅಡಿಗೆ ಇಳಿದರೆ ಎಲ್ಲರದೂ ಕಾಣುತ್ತದೆ, ಕಟ್ಟಡವೂ ಕಾಣುತ್ತದೆ. ಒಬ್ಬನಿಗೆ ಮಾತ್ರ ಬೋರ್ಡು ಇಳಿಸು ಎನ್ನುವುದು ಅನ್ಯಾಯ. ಇಡೀ ಬೀದಿಗೆ ಹೇಳಿದಾಗ ಅದು ಕರಾರು.

ಮೈಸೂರಿಗೆ ಬೇಕಾದದ್ದು

ಈಗ ನಮ್ಮ ಮನೆಯ ಮಾತು. ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಪ್ರತಿ ವರ್ಷ ಜಂಬೂ ಸವಾರಿ ಸಾಗುತ್ತದೆ. ಆ ದಾರಿಗೆ ಮುಖ ಮಾಡಿ ನಿಂತಿರುವುದು ದೇವರಾಜ ಮಾರುಕಟ್ಟೆಯ ಅಂಗಡಿ ಸಾಲು. ಅಲ್ಲಿ ಮೈಸೂರು ಪಾಕಿಗೆ ಹೆಸರಾದ ಗುರು ಸ್ವೀಟ್ಸ್ ಇದೆ, ಊದಿನಕಡ್ಡಿ, ಹೂವು, ವೀಳ್ಯದೆಲೆಯ ವ್ಯಾಪಾರವಿದೆ. ಅಲ್ಲಿಂದ ಕೂಗಳತೆಯಲ್ಲಿ, ಚಿಕ್ಕ ಗಡಿಯಾರದ ಆಚೆಗೆ, 1892ರಲ್ಲಿ ವೈಸ್‌ರಾಯ್ ಭೇಟಿಯ ನೆನಪಿಗೆ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡ. ಹಳೆಯ ಪುಸ್ತಕದ ಅಂಗಡಿಗಳಿಂದಾಗಿ ತಲೆಮಾರುಗಳ ವಿದ್ಯಾರ್ಥಿಗಳಿಗೆ ಅದು ಪರಿಚಿತ.

2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಕುಸಿಯಿತು. ಎರಡೂ ಮಳೆಗಾಲದಲ್ಲಿ. ಉಳಿಸಬೇಕೇ, ಕೆಡವಿ ಕಟ್ಟಬೇಕೇ ಎಂಬ ವಾದ ಸಮಿತಿಯಿಂದ ಸಮಿತಿಗೆ, ಅಲ್ಲಿಂದ ನ್ಯಾಯಾಲಯಕ್ಕೆ ಹೋಯಿತು. ವಾದ ಎಷ್ಟೇ ನಡೆಯಲಿ, ಇಂಥ ಕಟ್ಟಡಗಳು ಹೇಗೆ ಸೊರಗುತ್ತವೆ ಎಂಬುದು ಎಲ್ಲರೂ ತಿಳಿದಿರಬೇಕಾದ ಸಂಗತಿ.

ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಗೋಡೆ ತೇವ ಹೀರಿಕೊಂಡು ಮತ್ತೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಹಾಕಿ, ಅದರ ಮೇಲೆ ಟೈಲ್ಸ್ ಅಂಟಿಸಿದರೆ ತೇವ ಒಳಗೇ ಉಳಿಯುತ್ತದೆ, ಗಾರೆ ಪುಡಿಯಾಗುತ್ತದೆ. ಇಂಥ ಕಟ್ಟಡಗಳ ಮದ್ರಾಸ್ ತಾರಸಿ ಎಂಬ ಚಾವಣಿಯ ಭಾರ ಹೊರುವುದು ಮರದ ತೊಲೆಗಳು. ಮೇಲಿನ ನೀರು ಗೋಡೆಯೊಳಗೆ ಇಳಿದಾಗ ಗೋಡೆಯಲ್ಲಿ ಹುದುಗಿದ ತೊಲೆಯ ತುದಿ ಕೊಳೆಯುತ್ತದೆ, ಹೊರಗೆ ಕಾಣುವ ಭಾಗ ಗಟ್ಟಿಯಾಗಿಯೇ ತೋರುತ್ತದೆ. ಅಂಗಡಿಗೆ ಅಟ್ಟ ಕಟ್ಟಲು ಗೋಡೆ ಕೊರೆಯುವುದು, ಎರಡು ಅಂಗಡಿ ಒಂದು ಮಾಡಲು ನಡುವಿನ ಗೋಡೆ ತೆಗೆಯುವುದು, ಶಟರಿಗಾಗಿ ಕಮಾನಿನ ಬುಡ ಕಡಿಯುವುದು: ಒಂದೊಂದೂ ಸಣ್ಣ ಕೆಲಸ, ಒಟ್ಟು ಸೇರಿದಾಗ ಭಾರ ಹೋಗುವ ದಾರಿಯೇ ತಪ್ಪುತ್ತದೆ. ಮುಂಗಟ್ಟಿನ ಸಂರಕ್ಷಣೆ ಚಂದ ಕಾಣಿಸುವ ಕೆಲಸವೆಂದು ತಿಳಿದವರು ಇದನ್ನು ಗಮನಿಸಬೇಕು. ಅಂಗಡಿಯೊಳಗೆ ಕೂತವರ ಪ್ರಾಣ ಆ ಕಮಾನಿನ ಮೇಲೆ ನಿಂತಿದೆ.

ಕೆಡವುವ ಅಥವಾ ಉಳಿಸುವ ದೊಡ್ಡ ತೀರ್ಮಾನಕ್ಕೆ ಕಾಯದೆ ನಾಳೆಯೇ ಶುರುಮಾಡಬಹುದಾದ ಕೆಲಸಗಳಿವೆ. ಮೊದಲನೆಯದು ದಾಖಲೆ. ಪಾರಂಪರಿಕ ಬೀದಿಯ ಪ್ರತಿ ಅಂಗಡಿಯ ಮುಂಗಟ್ಟನ್ನೂ ಅಳೆದು ನಕ್ಷೆ ಬರೆಯಿಸಬೇಕು, ಫೋಟೊ ತೆಗೆಯಿಸಬೇಕು, ಬಣ್ಣದ ಪದರಗಳ ಮಾದರಿ ಇಡಬೇಕು. ನಮ್ಮ ವಾಸ್ತುಶಿಲ್ಪ ಕಾಲೇಜುಗಳ ವಿದ್ಯಾರ್ಥಿಗಳು ಈ ಕೆಲಸವನ್ನು ಸಂತೋಷದಿಂದ ಮಾಡಿಯಾರು. ನಾಳೆ ಒಂದು ಕಮಾನು ಬಿದ್ದರೆ ಅದು ಹೇಗಿತ್ತು ಎಂದು ಹೇಳಲು ಕಾಗದವಾದರೂ ಇರುತ್ತದೆ. ಎರಡನೆಯದು ನೀರು. ತಾರಸಿಯ ಬಿರುಕು, ಕಟ್ಟಿಕೊಂಡ ಮಳೆನೀರಿನ ದೋಣಿ, ಗೋಡೆಯಲ್ಲಿ ಬೆಳೆದ ಅರಳಿ ಸಸಿ, ಇವನ್ನು ಪ್ರತಿ ಮುಂಗಾರಿಗೆ ಮೊದಲು ನೋಡುವ ಪದ್ಧತಿ ಬೇಕು. ಇದಕ್ಕೆ ತಗಲುವ ಖರ್ಚು ಕುಸಿತದ ಪರಿಹಾರಕ್ಕಿಂತ ಯಾವತ್ತೂ ಕಡಿಮೆ.

ಮೂರನೆಯದು ಬೋರ್ಡು. 2024ರಲ್ಲಿ ನಮ್ಮ ರಾಜ್ಯ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು ಕಾನೂನು ಮಾಡಿತು. ರಾಜ್ಯದ ಉದ್ದಗಲಕ್ಕೆ ಅಂಗಡಿಗಳು ಹೊಸ ಬೋರ್ಡು ಬರೆಸಿದವು. ಕನ್ನಡ ಮೇಲೆ ಬರಬೇಕೆಂಬುದು ನ್ಯಾಯವಾದ ಬೇಡಿಕೆ. ಆ ಕನ್ನಡ ಊರಿನ ಹಳೆಯ ಕಮಾನನ್ನು ಮುಚ್ಚದೆ ಅದರೊಳಗೆ ಹೊಂದಿಕೊಂಡು ಕೂತರೆ ಅದರ ಗೌರವ ಇನ್ನೂ ಹೆಚ್ಚು. ಎಷ್ಟು ಕನ್ನಡ ಎಂದು ಹೇಳುವ ನಿಯಮಕ್ಕೆ, ಪಾರಂಪರಿಕ ಬೀದಿಗಳ ಮಟ್ಟಿಗೆ, ಬೋರ್ಡು ಎಲ್ಲಿ ಇರಬೇಕು, ಎಷ್ಟು ದೊಡ್ಡದಿರಬೇಕು ಎಂಬ ಎರಡು ಸಾಲು ಸೇರಿಸುವುದು ಕಷ್ಟದ ಮಾತಲ್ಲ.

ನಾಲ್ಕನೆಯದು ಅಂಗಡಿಯವರ ಜೊತೆ ಬರವಣಿಗೆಯಲ್ಲಿ ಆಗಬೇಕಾದ ಕರಾರು. ಕೆಲಸ ನಡೆಯುವಷ್ಟು ದಿನ ವ್ಯಾಪಾರ ಎಲ್ಲಿ, ಮುಗಿದ ಮೇಲೆ ಅದೇ ಜಾಗ ಸಿಗುವ ಭರವಸೆ ಏನು, ಬಾಡಿಗೆ ಎಷ್ಟು ಏರುತ್ತದೆ, ರಿಪೇರಿಯ ಖರ್ಚಿನಲ್ಲಿ ಪಾಲಿಕೆಯದೆಷ್ಟು, ಅಂಗಡಿಯವರದೆಷ್ಟು: ಇವಕ್ಕೆ ಕೆಲಸಕ್ಕೆ ಮೊದಲೇ ಉತ್ತರ ಬೇಕು. ಮಾರುಕಟ್ಟೆಯಂಥ ಕಡೆ ಮಾಲೀಕ ಪಾಲಿಕೆಯೇ ಆಗಿರುವುದರಿಂದ ಇದು ಮುಂಬೈಗಿಂತ ಸುಲಭವಾಗಬೇಕಿತ್ತು. ಒಮ್ಮೆ ಎಬ್ಬಿಸಿದರೆ ಮತ್ತೆ ಒಳಗೆ ಬಿಡುವುದಿಲ್ಲ ಎಂಬ ಭಯ ಇರುವವರೆಗೆ ಯಾವ ಅಂಗಡಿಯವರೂ ದುರಸ್ತಿಗೆ ಜಾಗ ಬಿಟ್ಟುಕೊಡುವುದಿಲ್ಲ. ಅವರ ಜಾಗದಲ್ಲಿ ನಾವಿದ್ದರೂ ಬಿಡುತ್ತಿರಲಿಲ್ಲ.

ಹಳೆಯ ಮುಂಗಟ್ಟನ್ನು ನೂರು ವರ್ಷ ಉಳಿಸಿದವರು ತಜ್ಞರಲ್ಲ, ಸರ್ಕಾರವೂ ಅಲ್ಲ. ಬೆಳಿಗ್ಗೆ ಬಾಗಿಲು ತೆರೆದು ಗುಡಿಸಿ ನೀರು ಹಾಕಿ ವ್ಯಾಪಾರಕ್ಕೆ ಕೂತವರು ಉಳಿಸಿದರು. ಇನ್ನು ಮುಂದೆಯೂ ಉಳಿಸಬೇಕಾದವರು ಅವರೇ. ಅವರಿಗೆ ಜಾಗದ ಖಾತರಿ, ಕೆಲಸ ಬಲ್ಲ ಗಾರೆಯವರು, ಖರ್ಚಿನಲ್ಲಿ ನ್ಯಾಯವಾದ ಪಾಲು, ಎಲ್ಲರಿಗೂ ಒಂದೇ ಆದ ನಿಯಮ ಇಷ್ಟನ್ನು ಕೊಡುವ ಹೊಣೆ ಪಾಲಿಕೆ ಮತ್ತು ಸರ್ಕಾರದ್ದು. ಮುಂದಿನ ಮಳೆಗಾಲಕ್ಕೆ ಮೊದಲು ಅದು ಶುರುವಾಗಲಿ.